ಬದುವಿನ ಮೇಲೆ ಕುಳಿತವಳ ಪಾಲು

ಆಗುವುದಿಲ್ಲ ಅಂತ ಮೊದಲು ಅಂದವರು ನಮ್ಮ ಸೋದರಮಾವ ಅಮರೇಶಪ್ಪ. ಮಸ್ಕಿಯ ಒಂದು ಕಚೇರಿಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ಜನ ತಂದುಕೊಡುವ ಅರ್ಜಿಗಳು ಯಾವ ಟೇಬಲ್ಲಿನಿಂದ ಯಾವ ಟೇಬಲ್ಲಿಗೆ ಹೋಗುತ್ತವೆ, ಎಲ್ಲಿ ಕುಳಿತು ಧೂಳು ತಿನ್ನುತ್ತವೆ ಅನ್ನುವುದನ್ನು ಸರ್ವೀಸು ಇದ್ದಷ್ಟು ದಿನ ಕಣ್ಣಾರೆ ಕಂಡವರು. ನಾನು ಎಂ.ಎಸ್.ಡಬ್ಲ್ಯೂ ಮುಗಿಸಿ ಬಂದು, ಸಣ್ಣ ಸಣ್ಣ ಸಂಸ್ಥೆಗಳಿಗೆ ಅನುದಾನದ ಅರ್ಜಿ ಬರೆದುಕೊಡುವ ಕೆಲಸ ಹಿಡಿಯುತ್ತೇನೆ ಅಂದಾಗ ಅವರು ಪಾಮನಕಲ್ಲೂರಿನ ಮನೆಯ ಕಟ್ಟೆಯ ಮೇಲೆ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಅರ್ಜಿ ಬರದು ಬದುಕಿದವ್ರನ್ನ ನಾ ನೋಡಿಲ್ಲವ್ವ. ಅರ್ಜಿ ಕೊಟ್ಟು ಚಪ್ಪಲಿ ಸವೆಸಿದವ್ರನ್ನ ನೋಡೀನಿ."

"ಮುಕ್ಕುಂದದಾಗ ನಾಟಿ ಹೆಂಗಸ್ರು ಸಂಘ ಕಟ್ತೀವಿ ಅಂತಾರ ಮಾವ. ಅವ್ರದ್ದ ಮೊದಲು ಮಾಡ್ತೀನಿ."

"ಹೊಲ ಇಲ್ಲ, ಸಹಿ ಬರಂಗಿಲ್ಲ. ಅವ್ರ ಹೆಸರಿಗೆ ಸರ್ಟಿಫಿಕೇಟ್ ಬರ್ತದ? ಆಗೂ ಮಾತಲ್ಲ ಅದು. ಸುಮ್ಮನ ಬಿ.ಎಡ್ ಮಾಡು."

ಅವರ ಮೇಲೆ ನನಗೆ ಸಿಟ್ಟಿಲ್ಲ. ಅಪ್ಪ ಇಲ್ಲದ ನನಗೆ ಫೀ ಕಟ್ಟಿ ಓದಿಸಿದವರು ಅವರೇ. ನಮ್ಮ ಮನೆತನದಲ್ಲಿ ಡಿಗ್ರಿ ಅನ್ನುವುದನ್ನು ಕೈಯಲ್ಲಿ ಹಿಡಿದವಳು ನಾನೇ ಮೊದಲು. ಆ ಡಿಗ್ರಿಯನ್ನು ನಾನು ಇಂಥ ಹೆಸರಿಲ್ಲದ ಕೆಲಸಕ್ಕೆ ಹಾಕುತ್ತೇನೆ ಅಂದರೆ ಅವರಿಗೆ ಹೊಟ್ಟೆ ಉರಿಯದೆ ಇನ್ನೇನು.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಮೊನ್ನೆ. ಸಿಂಧನೂರಿನಿಂದ ಮುಕ್ಕುಂದದ ಕಡೆ ಹೋಗುವ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತು. ಕೆಳಗಿಳಿದೆ. ಎರಡೂ ಬದಿಗೆ ನೀರು ನಿಲ್ಲಿಸಿದ ಗದ್ದೆ, ಆಗತಾನೆ ಸಸಿ ಕಿತ್ತ ಮಡಿ. ಹಸಿ ಬೇರಿನ ವಾಸನೆ, ಕೊಳೆತ ಹುಲ್ಲಿನ ವಾಸನೆ, ಅದರ ಮೇಲೆ ಬಿಸಿಲು. ಮೂಗಿಗೆ ಬಿದ್ದದ್ದೇ ತಡ, ನನ್ನ ಬೆನ್ನು ತಾನಾಗಿ ನೊಂದಂತಾಯಿತು. ಮೂರು ವರ್ಷದ ಹಿಂದೆ, ಶ್ರಾವಣದ ನಾಟಿಯಿಂದ ಸಂಕ್ರಾಂತಿಯ ನಾಟಿಯವರೆಗೆ, ನಾನು ಒಬ್ಬಳೇ ಕಳೆದ ಆ ಆರು ತಿಂಗಳು ಆ ಕೆಸರಿನಲ್ಲೇ ಎಲ್ಲೋ ಇನ್ನೂ ಇದ್ದವು.

ಆಗ ನನಗೆ ಸಿಂಧನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿಯ ಮೇಲೆ ಒಂದು ಕೋಣೆ ಸಿಕ್ಕಿತ್ತು. ಕೆಳಗಿನ ಔಷಧದ ವಾಸನೆ ನೆಲ ದಾಟಿ ಮೇಲೆ ಬರುತ್ತಿತ್ತು. ಒಂದು ಚಾಪೆ, ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಒಲೆ. ಬೆಳಿಗ್ಗೆ ಮಾಡಿದ ಅನ್ನವೇ ಸಂಜೆಗೂ. ಮನೆಯ ಯಜಮಾನತಿ ಕ್ಯಾಂಪಿನ ಕಡೆಯವರು, ಆಂಧ್ರದಿಂದ ಬಂದು ನೆಲೆಸಿದ ತೆಲುಗಿನವರು. ಏನು ಕೆಲಸ ಅಂತ ಕೇಳಿದರು. ಅರ್ಜಿ ಬರೀತೀನ್ರಿ ಅಂದೆ. ಕಚೇರಿ ಮುಂದೆ ಟೇಬಲ್ ಹಾಕಿಕೊಂಡು ಕೂಡುವವಳು ಅಂತ ತಿಳಿದುಕೊಂಡರೋ ಏನೋ, ಮರುದಿನ ತಮ್ಮ ಅತ್ತೆಯ ಪಿಂಚಣಿ ಅರ್ಜಿ ತಂದುಕೊಟ್ಟರು. ಬರೆದುಕೊಟ್ಟೆ. ಬದಲಿಗೆ ಒಂದು ಬಟ್ಟಲು ಪುಳಿಯೋಗರೆ ಬಂತು. ಆ ವಾರ ನಾನು ಯಾರ ಕೈಯಿಂದಲಾದರೂ ಇಸಿದುಕೊಂಡು ಉಂಡದ್ದು ಅದೊಂದೇ.

ಜೊತೆಗೆ ಓದಿದವರಲ್ಲಿ ಇಬ್ಬರು ಶಾಲೆ ಸೇರಿದ್ದರು, ಒಬ್ಬಳು ಪೊಲೀಸ್ ಆಗಿದ್ದಳು. ವಾಟ್ಸಾಪ್ ಗುಂಪಿನಲ್ಲಿ ಖಾಕಿ ಹಾಕಿದ ಫೋಟೋ ಬಂದರೆ ನಾನೂ ಚಪ್ಪಾಳೆ ಕಳಿಸುತ್ತಿದ್ದೆ. ನಿಂದೇನು ಸುದ್ದಿ ಅಂತ ಯಾರಾದರೂ ಕೇಳಿದರೆ ಫೋನು ಬೋರಲು ಹಾಕಿ ಮಲಗುತ್ತಿದ್ದೆ. ಸಂಜೆಗೊಮ್ಮೆ ಅವ್ವ ಫೋನ್ ಮಾಡುವಳು.

"ಉಂಡೇನ?"

"ಉಂಡೆ."

"ಏನ್ ಮಾಡಿದ್ದಿ?"

"ಅನ್ನ, ಸಾರು."

"ಆತು, ಇಡ್ಲೇನು?"

ಅವ್ವನ ಮಾತು ಯಾವತ್ತೂ ಅಷ್ಟೇ. ಇಟ್ಟ ಮೇಲೂ ನಾನು ಸ್ವಲ್ಪ ಹೊತ್ತು ಫೋನು ಕಿವಿಗೆ ಹಿಡಿದೇ ಇರುತ್ತಿದ್ದೆ.

ಕೆಲಸ ಅಂದರೆ ತಿರುಗಾಟ. ಒಂದು ದಿನ ಮಸ್ಕಿ, ಒಂದು ದಿನ ಲಿಂಗಸುಗೂರು ದಾಟಿ ಗುರುಗುಂಟಾ, ಮತ್ತೆ ಸಿಂಧನೂರು. ಊರೂರಲ್ಲಿ ನಾಲ್ಕು ಜನ ಸೇರಿ ಏನೋ ಒಂದು ಒಳ್ಳೆಯ ಕೆಲಸ ಮಾಡುತ್ತಿರುತ್ತಾರೆ, ಆದರೆ ಕಾಗದ ಇರುವುದಿಲ್ಲ. ನಡಾವಳಿ ಪುಸ್ತಕ ಇಲ್ಲ, ನಿಯಮ ಬರೆದಿಟ್ಟ ಬೈಲಾ ಇಲ್ಲ, ಅಧ್ಯಕ್ಷರು ಯಾರು ಅಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕೊಡುವ ಟ್ರಸ್ಟುಗಳೂ ಇರುತ್ತವೆ, ಅವು ಕಾಗದ ಇಲ್ಲದವರಿಗೆ ಕೊಡುವುದಿಲ್ಲ. ಆ ನಡುವಿನ ಜಾಗದಲ್ಲಿ ನಾನು. ಎರಡೂ ಕಡೆಯವರು ನನ್ನ ಜೊತೆ ಮಾತಾಡುತ್ತಿದ್ದರು, ಎರಡೂ ಕಡೆಗೂ ನಾನು ಸೇರಿದವಳಲ್ಲ.

ಮುಕ್ಕುಂದದ ಹೆಂಗಸರು ಗುಂಪು ಕಟ್ಟಿಕೊಂಡು ಭತ್ತದ ನಾಟಿಗೆ ಹೋಗುವವರು. ಗುಂಪು ನಡೆಸುವವಳು ಈರಮ್ಮ, ನಲವತ್ತು ದಾಟಿದ ಗಟ್ಟಿ ಹೆಂಗಸು. ಇವರು ಕೆಸರಿಗೆ ಇಳಿದಾಗ ಮಕ್ಕಳನ್ನು ಬದುವಿನ ಮೇಲೆ ಕೂಡಿಹಾಕಿಕೊಂಡು ನೋಡುವವಳು ಹುಲಿಗೆಮ್ಮ ಅನ್ನುವ ಮುದುಕಿ. ಹಿಂದಿನ ಹಂಗಾಮಿನಲ್ಲಿ ಹುಲಿಗೆಮ್ಮನಿಗೆ ಜ್ವರ ಬಂದು ಮಲಗಿದ ಒಂದೇ ದಿನ, ಒಂದು ಕೂಸು ಕಾಲುವೆಗೆ ಜಾರಿತ್ತು. ಕುರಿ ಹೊಡೆದುಕೊಂಡು ಹೊರಟಿದ್ದ ಯಾರೋ ಜುಟ್ಟು ಹಿಡಿದು ಎಳೆದು ತೆಗೆದರು. ಕೂಸು ಬದುಕಿತು. ಅಂದಿನಿಂದ ಈ ಹೆಂಗಸರಿಗೆ ಒಂದೇ ಮಾತು: ಮಕ್ಕಳಿಗೆ ನಾಲ್ಕು ಗೋಡೆ, ಒಂದು ಬಾಗಿಲು ಬೇಕು. ಊರಿನ ರೈತರೊಬ್ಬರು ಹಳೆಯ ಗೋದಾಮು ಬಿಟ್ಟುಕೊಡಲು ಒಪ್ಪಿದ್ದರು. ಅದಕ್ಕೆ ನೆಲ, ಬಾಗಿಲು, ತೊಟ್ಟಿಲು, ಮಧ್ಯಾಹ್ನದ ಊಟ ಆಗಬೇಕು. ಬೆಂಗಳೂರಿನ ಒಂದು ಟ್ರಸ್ಟು ಹೊಸ ಸಂಘಗಳಿಗೆ ನೆರವು ಕೊಡುತ್ತಿತ್ತು. ಮೊದಲು ಅರ್ಜಿ, ಆಮೇಲೆ ಸಂಕ್ರಾಂತಿಯ ಒಳಗೆ ನೋಂದಣಿ ಸರ್ಟಿಫಿಕೇಟು. ತಪ್ಪಿದರೆ ಆ ವರ್ಷದ ಬಾಗಿಲು ಮುಚ್ಚಿತು, ಎರಡನೇ ಬೆಳೆಯ ನಾಟಿಗೆ ಮಕ್ಕಳು ಮತ್ತೆ ಕಾಲುವೆ ದಂಡೆಗೇ.

ನಾನು ಹೋದಾಗೆಲ್ಲ ದುರುಗಮ್ಮನ ಗುಡಿಯ ಮುಂದೆ ಅವರು ನೆಲಕ್ಕೆ ಕೂಡುವರು, ನನಗೆ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ಬರುವುದು. ಬೇಡ ಅಂದರೆ ಕೇಳುತ್ತಿರಲಿಲ್ಲ. ಕುರ್ಚಿಯ ಮೇಲೆ ಕುಳಿತರೆ ಅವರ ತಲೆಗಳಷ್ಟೇ ಕಾಣುತ್ತಿದ್ದವು. ಅಂಥ ಮೂರು ಮೀಟಿಂಗು ಮಾಡಿ ಕೋಣೆಗೆ ಬಂದು ಅರ್ಜಿ ಬರೆದೆ.

ಅರ್ಜಿ ಬರೆಯುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ಹಾಸ್ಟೆಲ್ ಸೀಟಿಗೆ ಮೊದಲ ಅರ್ಜಿ ಬರೆದಾಗ ಅಲ್ಲಿನ ಗುಮಾಸ್ತರೊಬ್ಬರು ಓದಿ ವಾಪಸು ಕೊಟ್ಟಿದ್ದರು. "ಹಿಂಗ ಬರದ್ರ ಯಾರು ಕೊಡ್ತಾರ? ಇನ್ನೊಂದಿಷ್ಟು ಬಡತನ ಹಾಕು" ಅಂದಿದ್ದರು, ಸಾರಿಗೆ ಉಪ್ಪು ಹಾಕು ಅಂದ ಹಾಗೆ. ಹಾಕಿದೆ. ಸೀಟು ಸಿಕ್ಕಿತು. ಆಮೇಲೆ ಸ್ಕಾಲರ್‌ಶಿಪ್ಪಿಗೆ ಹಾಕಿದೆ, ಪುಸ್ತಕಕ್ಕೆ ಹಾಕಿದೆ, ಫೀ ಮಾಫಿಗೆ ಹಾಕಿದೆ. ನನ್ನ ಮನೆಯನ್ನು ಎಷ್ಟು ಸಣ್ಣದು ಮಾಡಿ ಬರೆದರೆ ಬಾಗಿಲು ಎಷ್ಟು ತೆರೆಯುತ್ತದೆ ಅನ್ನುವುದು ನನಗೆ ಬಾಯಿಪಾಠವಾಗಿತ್ತು. ಅದೇ ಕೈಯಿಂದ ಮುಕ್ಕುಂದದ್ದನ್ನೂ ಬರೆದೆ. ಚೆನ್ನಾಗಿ ಬಂದಿದೆ ಅಂತ ನನಗೇ ಹೆಮ್ಮೆ.

ನಾಟಿ ಮುಗಿಸಿ ಬಂದ ಒಂದು ಸಂಜೆ ಗುಡಿಯ ಮುಂದೆ ಅದನ್ನು ಓದಿ ಹೇಳಿದೆ. "ದಿಕ್ಕಿಲ್ಲದ, ಅಕ್ಷರ ಅರಿಯದ ಈ ಅಸಹಾಯಕ ಮಹಿಳೆಯರು ತಮ್ಮ ಮಕ್ಕಳನ್ನು ಪಾಲಿಸಲು ಶಕ್ತರಲ್ಲ" ಅನ್ನುವಲ್ಲಿಗೆ ಬಂದಾಗ ಕೆಳಗೆ ಪಿಸುಮಾತು ನಿಂತಿತು. ಮುಗಿಸಿದೆ. ಹುಲಿಗೆಮ್ಮ ಕೇಳಿದಳು:

"ಯಾರ ಬಗ್ಗೆ ಬರದಿ ತಂಗಿ ಇದನ್ನ?"

"ನಿಮ್ಮ ಬಗ್ಗೆನ ಅಮ್ಮ."

ಈರಮ್ಮ ಪಕ್ಕದವಳ ಕಡೆ ತಿರುಗಿದಳು. "ನಮ್ಮ ಕೂಸುಗಳನ್ನ ನಮಗ ನೋಡ್ಕೊಳ್ಳಾಕ ಆಗಂಗಿಲ್ಲಂತ. ಹಂಗಾರ ಇಷ್ಟು ವರ್ಷ ನೋಡ್ಕೊಂಡವ್ರು ಯಾರಬೇ, ಗೌಡ್ರೇನು?"

ಎಲ್ಲರೂ ನಕ್ಕರು. ಅದು ನನ್ನನ್ನು ಒಳಗೆ ಕರೆದುಕೊಳ್ಳುವ ನಗು ಆಗಿರಲಿಲ್ಲ.

"ಹಿಂಗ ಬರದ್ರ ಮ್ಯಾಲಿನವ್ರು ಕೊಡ್ತಾರ ಈರಮ್ಮ" ಅಂದೆ.

"ಕೊಡಲಿ, ಬಿಡಲಿ. ಇದಕ್ಕ ನಾ ಹೆಬ್ಬೆಟ್ಟು ಒತ್ತಂಗಿಲ್ಲ. ನಾಳೆ ನನ್ನ ಮಗಳು ಸಾಲಿ ಕಲಿತು ಇದನ್ನ ಓದಿದ್ರ ನನ್ನ ಮಾರಿ ಹೆಂಗ ನೋಡ್ತಾಳ?"

ಒಬ್ಬೊಬ್ಬರೇ ಎದ್ದು ಸೀರೆ ಕೊಡವಿಕೊಂಡು ಹೋದರು. ನಾನು ಕುರ್ಚಿ ಮಡಚಿಡಲು ನೋಡಿದೆ. ಅದು ಮಡಚುವ ಕುರ್ಚಿ ಆಗಿರಲಿಲ್ಲ.

ಮುಂದಿನ ವಾರ ಪೂರ್ತಿ ಆ ಅಂಗಡಿಯ ಮೇಲಿನ ಕೋಣೆಯಲ್ಲಿ ಕಳೆದೆ. ಹೊರಗೆ ಹಿಡಿದ ಮಳೆ ಬಿಡಲಿಲ್ಲ. ಬಿ.ಎಡ್ ಅರ್ಜಿಯ ಪುಟ ಫೋನಿನಲ್ಲಿ ತೆರೆದು ಮುಚ್ಚಿ ಮಾಡಿದೆ. ಯಾರಿಗೆ ಹೇಳಿಕೊಳ್ಳುವುದು? ಮಾವನಿಗೆ ಹೇಳಿದರೆ ಹೇಳಿದ್ದೆನಲ್ಲ ಅನ್ನುತ್ತಾರೆ. ಅವ್ವನಿಗೆ ಹೇಳಲು ಉಂಡೇನ, ಇಡ್ಲೇನು ಇವೆರಡರ ನಡುವೆ ಜಾಗವೇ ಇರಲಿಲ್ಲ.

ಗುರುಗುಂಟಾಕ್ಕೆ ಹೋಗುವುದು ಮೊದಲೇ ನಿಗದಿಯಾಗಿತ್ತು, ಹೋದೆ. ಅಲ್ಲಿ ಮಹಬೂಬ್ ಚಾಚಾ ಅಂತ ಟೇಲರ್ ಇದ್ದರು. ಸಣ್ಣವರಿದ್ದಾಗ ಪೋಲಿಯೋ ಆಗಿ ಒಂದು ಕಾಲು ಬತ್ತಿತ್ತು. ತಮ್ಮಂಥವರ ಒಂದು ಸಂಘ ನಡೆಸುತ್ತಿದ್ದರು. ಓದುತ್ತಿದ್ದಾಗಲೇ ಅವರಿಗೆ ನಾನು ಬರೆದುಕೊಟ್ಟ ಒಂದು ಅರ್ಜಿ ಪಾಸಾಗಿ ಹೊಲಿಗೆ ಮಷಿನು ಬಂದಿದ್ದವು, ಹಾಗಾಗಿ ನನ್ನನ್ನು ಕಂಡರೆ ಅವರಿಗೆ ಅಕ್ಕರೆ ಅಂದುಕೊಂಡಿದ್ದೆ. ಚಹಾ ಕುಡಿಯುತ್ತ ಮುಕ್ಕುಂದದ್ದೆಲ್ಲ ಹೇಳಿದೆ. ಅವರು ಹಲ್ಲಲ್ಲಿ ದಾರ ಕಡಿದು, ಸೂಜಿಗೆ ಪೋಣಿಸಿ, ಆಮೇಲೆ ಅಂದರು:

"ನನ್ನ ಬಗ್ಗೆನೂ ಹಂಗ ಬರದಿದ್ದಿ ಬೇಟಿ. ದಿಕ್ಕಿಲ್ಲದವ ಅಂತ. ಮನ್ಯಾಗ ನಿಮ್ಮ ಚಾಚಿಗೆ ಓದಿ ಹೇಳಿದೆ. ಆಕಿ ಅಂದ್ಲು, ದಿಕ್ಕಿಲ್ಲದವನ ಜೋಡಿ ಇಷ್ಟು ವರ್ಷ ಬಾಳೇವು ಮಾಡೀನಿ, ನನಗರ ಯಾರೂ ಹೇಳೇ ಇಲ್ಲ ನೋಡು ಅಂತ."

ಚಹಾದ ಬಸಿ ಕೆಳಗಿಟ್ಟೆ. "ಆವಾಗ್ಯಾಕ ಹೇಳಲಿಲ್ಲ ಚಾಚಾ?"

"ಮಷಿನ್ ಬೇಕಿತ್ತಲ್ಲ. ಸುಮ್ಮನಾದೆ. ಆ ಹೆಂಗಸ್ರು ಸುಮ್ಮನಾಗಲಿಲ್ಲ, ಅಷ್ಟ ಫರಕು. ಅವ್ರ ಹತ್ರ ಎಷ್ಟು ದಿನ ಇದ್ದಿ?"

"ಮೂರು ಮೀಟಿಂಗ್."

"ಮೂರು ಮೀಟಿಂಗಿಗೆ ಒಂದು ಬ್ಲೌಸಿನ ಅಳತೀನೂ ಸರಿ ಬರಂಗಿಲ್ಲ ಬೇಟಿ."

ಮಳೆ ತೆರವಾದ ದಿನ ಬೆಳಕು ಹರಿಯುವಾಗ ಮುಕ್ಕುಂದದ ಗದ್ದೆಗೇ ಹೋದೆ. ಯಾರನ್ನೂ ಏನೂ ಕೇಳದೆ ಚಪ್ಪಲಿ ಬದುವಿನ ಮೇಲೆ ಬಿಟ್ಟು ಕೆಸರಿಗೆ ಇಳಿದೆ. ಈರಮ್ಮ ನೋಡಿದಳು, ಒಂದು ಕಟ್ಟು ಸಸಿ ನನ್ನ ಕಡೆ ಎಸೆದಳು. ಸಾಲಿನಲ್ಲಿ ನಾನು ಎಲ್ಲರಿಗಿಂತ ಹಿಂದೆ.

"ಮೇಡಂ ಸಸಿ ಹಚ್ಚಾಕತ್ತಾಳೋ, ಕಳಕೊಂಡ ಉಂಗುರ ಹುಡುಕಾಕತ್ತಾಳೋ?" ಅಂದಳು ಒಬ್ಬಳು.

"ಇಕಿ ಹಚ್ಚಿದ್ದು ನಾಳೆ ಮುಂಜಾನೆ ಬಾತುಕೋಳಿ ಹಂಗ ತೇಲಾಕತ್ತಿರ್ತಾವ" ಅಂದಳು ಇನ್ನೊಬ್ಬಳು.

ಬಿಸಿಲೇರಿದಾಗ ಸೊಂಟ ಎತ್ತಲಾಗಲಿಲ್ಲ. ಬದುವಿಗೆ ಹತ್ತಿ ಕುಳಿತೆ. ಹುಲಿಗೆಮ್ಮ ನಾಲ್ಕು ಕೋಲು ನೆಟ್ಟು ಹಳೇ ಸೀರೆ ಕಟ್ಟಿ ನೆರಳು ಮಾಡಿದ್ದಳು. ಮಡಿಲಲ್ಲಿ ಒಂದು, ಬೆನ್ನಿಗೆ ಆತುಕೊಂಡು ಒಂದು, ಸುತ್ತ ಐದಾರು. ಅವಳ ಕಣ್ಣು ಮಾತ್ರ ಕಾಲುವೆಯ ಕಡೆಯಿಂದ ಒಂದು ಗಳಿಗೆಯೂ ಸರಿಯುತ್ತಿರಲಿಲ್ಲ. ನನ್ನ ಜೊತೆ ಮಾತಾಡುವಾಗಲೂ ಆ ಕಡೆಯೇ ನೋಡುತ್ತಿದ್ದಳು.

ಹೊತ್ತು ಇಳಿದ ಮೇಲೆ ಹೊಲದವರು ಕೊಟ್ಟ ಕೂಲಿಯನ್ನು ಈರಮ್ಮ ಬದುವಿನ ಮೇಲೆ ಟವೆಲು ಹಾಸಿ ಪಾಲು ಮಾಡಿದಳು. ಎಲ್ಲರಿಗೂ ಸಮ. ಕೆಸರಿಗೆ ಕಾಲೇ ಇಡದ ಹುಲಿಗೆಮ್ಮನಿಗೂ ಅಷ್ಟೇ, ಒಂದು ರೂಪಾಯಿ ಕಡಿಮೆ ಇಲ್ಲ. ಬೆರಗಾಗಿ ಕೇಳಿದೆ.

"ಆಕಿ ಬದುವಿನ ಮ್ಯಾಲೆ ಕುಂತಾಳಂತ ನಾವು ಕೆಸರಿನ್ಯಾಗ ಅದೀವಿ" ಅಂದಳು ಈರಮ್ಮ. "ನನಗ ಹೊಟ್ಟಿ ನೋವಂತ ನಾ ಎದ್ದು ಹೋದ್ರ ಒಂದು ಸಾಲು ನಿಲ್ತದ. ಆಕಿ ಎದ್ದು ಹೋದ್ರ ಎಲ್ಲಾ ಸಾಲೂ ನಿಲ್ತಾವ. ಹಂಗಾರ ಯಾರದು ದೊಡ್ಡ ಕೆಲಸ, ನೀನ ಹೇಳು, ಓದಿದಾಕಿ."

"ಇದು ಯಾವಾಗಿಂದ?"

"ನಮ್ಮ ಅತ್ತಿ ಕಾಲದಿಂದ."

ಟ್ರಸ್ಟಿನ ನಮೂನೆಯಲ್ಲಿ ಒಂದು ಸಾಲಿತ್ತು: ಈ ಕೆಲಸಕ್ಕೆ ಸಮುದಾಯ ಈವರೆಗೆ ಏನು ಮಾಡಿದೆ? ಅದರ ಮುಂದೆ ನಾನು 'ಏನೂ ಇಲ್ಲ' ಅಂತ ಬರೆದಿದ್ದೆ. ಎರಡು ತಲೆಮಾರು ತಮ್ಮ ಕೂಲಿಯಲ್ಲಿ ಒಂದು ಪಾಲು ತೆಗೆದಿಟ್ಟು ಮಕ್ಕಳನ್ನು ಕಾಪಾಡಿಕೊಂಡವರ ಮುಂದೆ, ಏನೂ ಇಲ್ಲ ಅಂತ.

ಅವತ್ತು ಫೋನಿನಲ್ಲಿ ಅವ್ವನಿಗೆ ಕೆಸರಿಗೆ ಇಳಿದದ್ದು ಹೇಳಿದೆ. "ನಾನೂ ಹೋಗತಿದ್ದೆ, ನಿಮ್ಮಪ್ಪ ತೀರಿದ ಮ್ಯಾಲೆ" ಅಂದಳು. ನಾನು ಕಾದೆ. "ಬೆನ್ನಿಗೆ ಎಣ್ಣಿ ಹಚ್ಚಿಕೋ. ಇಡ್ಲೇನು?"

ಅರ್ಜಿ ಎರಡನೇ ಸಲ ಬರೆದದ್ದು ಗುಡಿಯ ಮುಂದೆ, ನೆಲದ ಮೇಲೆ ಕುಳಿತು. ಅವರು ಹೇಳಿದರು, ನಾನು ಬರೆದೆ, ಓದಿ ತೋರಿಸಿದೆ, ತಿದ್ದಿದರು. "ಹುಲಿಗೆಮ್ಮ ಎಂದೂ ಒಂದು ಕೂಸಿನ ಮ್ಯಾಲೂ ಕೈ ಎತ್ತಿಲ್ಲ, ಅದನ್ನೂ ಬರಿ" ಅಂದಳು ಈರಮ್ಮ. "ಬರೀಬ್ಯಾಡ" ಅಂದಳು ಹುಲಿಗೆಮ್ಮ, "ನಿನ್ನಿ ಇಕಿ ಮಗಳಿಗ ಎರಡು ಕೊಟ್ಟೀನಿ." ಅಧ್ಯಕ್ಷೆ ಯಾರು ಅನ್ನುವ ಪ್ರಶ್ನೆಗೆ ಎಲ್ಲರೂ ಒಬ್ಬರನ್ನೊಬ್ಬರು ತೋರಿಸಿ, ಕೊನೆಗೆ ನೀನ ಆಗು ಮುದುಕಿ ಅಂತ ಹುಲಿಗೆಮ್ಮನನ್ನೇ ಮಾಡಿದರು. ಈರಮ್ಮ ಮೊದಲು ಹೆಬ್ಬೆಟ್ಟು ಒತ್ತಿದಳು, ಒತ್ತಿದ್ದನ್ನು ದೂರ ಹಿಡಿದು ನೋಡಿದಳು. ಆ ಸಂಜೆ ನಾವೆಲ್ಲ ತುಂಬ ನಕ್ಕೆವು. ಆದರೆ ಕತ್ತಲಾಗುತ್ತಲೇ ಅವರ ನಗು ಅವರ ಜೊತೆ ಓಣಿಯೊಳಗೆ ಹೋಯಿತು, ನಾನು ಬಸ್ ನಿಲ್ಲುವಲ್ಲಿಗೆ ಬಂದು ಒಬ್ಬಳೇ ನಿಂತೆ.

ಆಮೇಲಿನದು ಕಾಯುವ ಕಾಲ. ನೋಂದಣಿಗೆ ರಾಯಚೂರಿಗೆ ಓಡಾಡಿದೆ. ಬೈಲಾದಲ್ಲಿ ನಾನೇ ಬಿಟ್ಟ ಒಂದು ಕಲಮಿಗಾಗಿ ಒಮ್ಮೆ, ಒಬ್ಬರ ವಿಳಾಸದ ದಾಖಲೆಗಾಗಿ ಒಮ್ಮೆ ಕಡತ ತಿರುಗಿ ಬಂತು. ದೀಪಾವಳಿಗೆ ಊರಿಗೆ ಹೋಗಲಿಲ್ಲ. ಏನಾತು ನಿನ್ನ ಸಂಘ ಅಂತ ಮಾವ ಕೇಳುತ್ತಾರೆ, ಏನು ಹೇಳುವುದು? ಕೆಳಗಿನ ಅಂಗಡಿಗೆ ಪೂಜೆ ಮಾಡಿ ಬಾಗಿಲು ಹಾಕಿದ್ದರು. ರಸ್ತೆಯಾಚೆ ಮನೆಗಳ ದೀಪ ನೋಡುತ್ತ ಕಿಟಕಿಯಲ್ಲಿ ಕುಳಿತೆ, ನನ್ನದೂ ಒಂದು ಹಚ್ಚಿಡಬಹುದಿತ್ತು ಅನ್ನುವುದು ಮಲಗುವಾಗ ಹೊಳೆಯಿತು.

ಚಳಿ ಶುರುವಾದ ಮೇಲೆ ಟ್ರಸ್ಟಿನಿಂದ ಒಬ್ಬ ಹುಡುಗಿ ನೋಡಲು ಬಂದಳು. ನಿಮ್ಮ ಸಮಸ್ಯೆಗಳೇನು ಅಂತ ಬರೆದುಕೊಳ್ಳಲು ಪೆನ್ನು ತೆರೆದಳು.

"ಸಮಸ್ಯೆ ಏನಿಲ್ರಿ" ಅಂದಳು ಈರಮ್ಮ. "ನಾವು ಕೂಸು ನೋಡ್ಕೋತೀವಿ, ಬ್ಯಾರೆಯವ್ರ ಕೂಸನ್ನೂ ನೋಡ್ಕೋತೀವಿ. ನಮ್ಮ ಕಡೆ ಬಾಗಿಲಿಲ್ಲ, ನಿಮ್ಮ ಕಡೆ ಐತಿ. ಅಷ್ಟರಿ."

ಹುಡುಗಿ ಅದನ್ನೇ ಬರೆದುಕೊಂಡಳು. ಹದಿನೈದು ದಿನಕ್ಕೆ ಒಪ್ಪಿಗೆ ಪತ್ರ ಬಂತು. ಇನ್ನು ಸರ್ಟಿಫಿಕೇಟಿನ ನಕಲು ಒಂದೇ ಬಾಕಿ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಅದು ಕೈಗೆ ಬಂತು. ರಾಯಚೂರಿನಿಂದ ಬರುವ ಬಸ್ಸಿನಲ್ಲಿ ಮೂರು ಸಲ ಚೀಲದಿಂದ ತೆಗೆದು ನೋಡಿದೆ. ತೋರಿಸಲು ಯಾರೂ ಇಲ್ಲ. ತಡೆಯದೆ ಪಕ್ಕದಲ್ಲಿ ಕುಳಿತಿದ್ದ ಮುದುಕರಿಗೆ ತೋರಿಸಿದೆ. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ, "ಗ್ಯಾಸಿಂದೇನವ್ವ?" ಅಂದರು. ಹೌದು ಅಂದೆ.

ಸಿಂಧನೂರಿಗೆ ಬಂದು ಅದರ ನಕಲು ಟ್ರಸ್ಟಿಗೆ ಕಳಿಸಿದೆ. ಅಂದು ಸಂಜೆ ಅವ್ವ ಇಡ್ಲೇನು ಅನ್ನುವ ಮೊದಲೇ, "ನಾಡಿದ್ದು ಮುಕ್ಕುಂದಕ್ಕ ಬರ್ತೀಯೇನು?" ಅಂತ ಕೇಳಿದೆ. ಬರುತ್ತಾಳೆ ಅಂದುಕೊಂಡಿರಲಿಲ್ಲ. ಪಾಮನಕಲ್ಲೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು, ಮೂರು ಬಸ್ಸು ಬದಲಿಸಿ ಬಂದಳು, ಹೊಸ ಸೀರೆ ಉಟ್ಟುಕೊಂಡು.

ಗೋದಾಮಿನ ನೆಲ ಸಾರಿಸಿದ್ದರು. ಬಾಗಿಲು ಇನ್ನೂ ಬಂದಿರಲಿಲ್ಲ, ಚೌಕಟ್ಟು ನಿಂತಿತ್ತು. ಭಾಷಣ ಏನೂ ಇರಲಿಲ್ಲ. ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ಹುಲಿಗೆಮ್ಮನಿಗೆ ಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿ ತೆಗೆದುಕೊಂಡಳು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನ ತನಕ ಸಾಲು ಸಾಲು ನೋಡಿದಳು. ಆಮೇಲೆ ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಹೊರಗೆ ಬೆಳಕಿಗೆ ಒಯ್ದರು.

ಒಳಗೆ ನಾನು, ಅವ್ವ ಇಬ್ಬರೇ ಉಳಿದೆವು. ಅವ್ವ ತೊಟ್ಟಿಲು ಕಟ್ಟಲು ತೊಲೆಗೆ ಹೊಡೆದ ಕೊಂಡಿಯನ್ನು ನೋಡುತ್ತ ನಿಂತಿದ್ದಳು. ನನ್ನ ಕಡೆ ತಿರುಗಲಿಲ್ಲ.

"ನಾವು ಹೊರಗಿನಿಂದ ನಾಟಿಗೆ ಬಂದವ್ರು. ನಮ್ಮ ಗುಂಪಿನ್ಯಾಗ ಬದುವಿನ ಮ್ಯಾಲೆ ಕುಂದ್ರಾಕ ಇಂಥಾ ಮುದುಕಿ ಒಬ್ಬಾಕಿ ಇದ್ದಿಲ್ಲವ್ವ" ಅಂದಳು. "ಸೀರಿ ಹರದು ನಿನ್ನ ಕಾಲಿಗೆ ಕಟ್ಟಿ ಜಾಲಿಗಿಡಕ್ಕ ಬಿಗೀತಿದ್ದೆ. ಹೊತ್ತು ಮುಳುಗೂತನಕ ಅಳತಿದ್ದಿ. ಆ ಕಡಿ ನೋಡಬಾರದಂತ ಬೆನ್ನು ಮಾಡಿ ಸಸಿ ಹಚ್ಚತಿದ್ದೆ."